ಹೊಸ್ತಿಲ ಮೇಲಿನ ಗುರುತು

ಅವತ್ತು ಬೆಳಿಗ್ಗೆ ಬಳ್ಳಾರಿಯ ಮೇಲೆ ಮೋಡ ಕವಿದಿತ್ತು, ಆದರೆ ಅದು ಮಳೆಯ ಮೋಡವಲ್ಲ. ದಸರೆಯ ಹೊತ್ತಿಗೆ ಈ ಕಡೆ ಇಂಥದ್ದೊಂದು ಮೋಡ ಬರುತ್ತದೆ. ಗಾಳಿ ಪೂರಾ ನಿಂತಿರುತ್ತದೆ, ಬೇವಿನ ಎಲೆ ಒಂದೂ ಅಲ್ಲಾಡುವುದಿಲ್ಲ. ಕೋಟೆಗುಡ್ಡ ತನ್ನ ಜಾಗದಲ್ಲೇ ಇದ್ದರೂ ನಸುಕಿನಲ್ಲಿ ಯಾರೋ ಅದನ್ನು ಒಂದಿಷ್ಟು ಈಚೆಗೆ ಸರಿಸಿಟ್ಟ ಹಾಗೆ ಕಾಣುತ್ತದೆ. ಸತ್ಯನಾರಾಯಣಪೇಟೆಯ ತನ್ನ ಮನೆಯ ಮಾಳಿಗೆ ಮೇಲೆ ಫಜರ್ ನಮಾಜು ಮುಗಿಸಿ ಚಾಪೆ ಸುತ್ತುತ್ತಿದ್ದ ಇನಾಯತ್ ತಲೆ ಎತ್ತಿ ನೋಡಿದ. ಈ ಮೋಡವನ್ನು ನಂಬುವ ಹಾಗಿಲ್ಲ ಅಂದುಕೊಂಡ. ಬಿಸಿಲನ್ನು ನಂಬಬಹುದು, ಮಳೆಯನ್ನೂ ನಂಬಬಹುದು. ಏನೂ ಮಾಡದೆ ತಲೆಯ ಮೇಲೆ ಸುಮ್ಮನೆ ನಿಂತದ್ದನ್ನು ಹ್ಯಾಗೆ ನಂಬುವುದು. ಹಾಗೆ ಏನೂ ಮಾಡದೆ, ಏನೂ ಕೇಳದೆ, ಸುಮ್ಮನೆ ಇರುವ ಒಬ್ಬ ಮನುಷ್ಯ ಕೂಡಲೇ ನೆನಪಿಗೆ ಬಂದ. ದುವಾದ ಕೊನೆಯ ಮಾತು ಬಾಯಲ್ಲಿ ಆರುವ ಮೊದಲೇ ದುರ್ಗೇಶ್ ನೆನಪಾದನಲ್ಲ ಎಂದು ಇನಾಯತ್‌ಗೆ ನಾಚಿಕೆಯಾಯಿತು. ಆ ನಾಚಿಕೆಯ ತಪ್ಪನ್ನೂ ಅವನು ದುರ್ಗೇಶನ ತಲೆಗೇ ಕಟ್ಟಿದ.

ನಿನ್ನೆ ಆಫೀಸಿನಲ್ಲಿ ಮೀನಾ ಆ ಮಾತು ಆಡದಿದ್ದರೆ ಇವತ್ತು ಹೀಗೆ ಎದೆ ಕುದಿಯುತ್ತಿರಲಿಲ್ಲ. ನಾಳೆ ಆಯುಧಪೂಜೆ. ಈ ಸಲ ಪೂಜೆಯ ಜೊತೆಗೆ 'ಸಮತಲ' ಸಂಸ್ಥೆಯ ಚರಿತ್ರೆಯನ್ನೂ ಮುಂದಿನ ಕೋಣೆಯ ಗೋಡೆಗೆ ಹಾಕಬೇಕು, ಕೆಳಗೆ ಮೇಜಿನ ಮೇಲೆ ಹಳೇ ಉಪಕರಣಗಳನ್ನು ಜೋಡಿಸಬೇಕು ಎಂದು ದುರ್ಗೇಶ್ ತೀರ್ಮಾನಿಸಿದ್ದ. ಅದನ್ನೆಲ್ಲ ಹೊಂದಿಸುವ ಕೆಲಸ ಮೀನಾಳದು. ಕಾಲೇಜು ಮುಗಿಸಿ ನೇರ ಇಲ್ಲಿಗೇ ಬಂದ ಹುಡುಗಿ, ಇಬ್ಬರು ಪಾಲುದಾರರ ನಡುವೆ ನಗುನಗುತ್ತ ಓಡಾಡುತ್ತಾಳೆ. ಯಾರ ಕಡೆಯವಳು ಅಂತ ಇನಾಯತ್‌ಗೆ ಇನ್ನೂ ತಿಳಿದಿಲ್ಲ.

"ಸರ್, ನಿಮ್ಮ ಅಪ್ಪಾರದು ಹಿತ್ತಾಳಿ ಲೆವೆಲ್ ಮಷೀನು ಇತ್ತಂತಲ್ರಿ. ಅದು ಇಲ್ಲಂದ್ರ ಅದರ ಫೋಟೋನಾರ ಇಡೂಣೇನ್ರಿ ಅಂತ ದುರ್ಗೇಶ್ ಸರ್‌ನ ಕೇಳಿದೆ" ಅಂದಿದ್ದಳು.

"ಏನಂದ್ರು?"

"ಏನೂ ಇಡಬ್ಯಾಡ, ಆ ಜಾಗ ಖಾಲಿ ಬಿಡು ಅಂದ್ರು."

ಖಾಲಿ ಬಿಡು. ರಾತ್ರಿಯೆಲ್ಲ ಆ ಎರಡು ಮಾತು ಕಿವಿಯೊಳಗೆ ಹೊಕ್ಕ ಸೊಳ್ಳೆಯ ಹಾಗೆ ಸುತ್ತಿದ್ದವು. ಚರಿತ್ರೆ ಅಂದರೆ ಏನು, ಎಲ್ಲಿ ತುಂಬಬೇಕು ಎಲ್ಲಿ ಖಾಲಿ ಬಿಡಬೇಕು ಅನ್ನುವ ಹಿಕಮತ್ತೇ ತಾನೆ. ಕುರುಗೋಡಿನ 'ಖಾಜಾಮಿಯಾ ಸರ್ವೆ ಕಚೇರಿ' ಮತ್ತು ಬಳ್ಳಾರಿಯ 'ದುರ್ಗಾ ಡಿಸೈನ್ಸ್' ಕೂಡಿ 'ಸಮತಲ' ಆದದ್ದು ನಿಜ. ಅಪ್ಪ ಖಾಜಾಮಿಯಾ ಕಟ್ಟಿದ ಕಚೇರಿ ಹೊಲ ಅಳೆಯುತ್ತಿತ್ತು, ಕಾಲುವೆಯ ಮಟ್ಟ ನೋಡುತ್ತಿತ್ತು. ದುರ್ಗೇಶ್ ಸೇತುವೆ, ತೂಬು, ನೀರಿನ ಟಾಕಿಗಳ ನಕ್ಷೆ ಮಾಡುತ್ತಿದ್ದ. ಅಳೆಯುವವನಿಗೆ ಕಟ್ಟಿಸಿದ ಅನುಭವವಿಲ್ಲ, ಕಟ್ಟಿಸುವವನಿಗೆ ಅಳೆದ ಅನುಭವವಿಲ್ಲ ಎಂದು ದೊಡ್ಡ ಕೆಲಸಕ್ಕೆ ಹಾಕಿದ ಇಬ್ಬರ ಅರ್ಜಿಗಳೂ ವಾಪಸಾಗುತ್ತಿದ್ದ ಕಾಲ. ಒಂದು ಸಂಜೆ ಒಗ್ಗರಣೆ ಮಂಡಕ್ಕಿ ತಿನ್ನುತ್ತ, ಮೆಣಸಿನಕಾಯಿ ಬಜ್ಜಿಯ ಎಣ್ಣೆಗೈಯನ್ನು ನಕ್ಷೆಯ ಅಂಚಿಗೇ ಒರೆಸಿಕೊಂಡು, "ನಾವಿಬ್ರೂ ಒಂದಾಗಿಬಿಡೂಣೇನ್ರಿ ಭಾಯ್" ಅಂದಿದ್ದ ದುರ್ಗೇಶ್. ಯಾರ ನಕ್ಷೆಗೆ ಒರೆಸಿದ್ದು? ಇನಾಯತ್‌ನ ನಕ್ಷೆಗೆ. ಆಗ ಅದು ಸಲಿಗೆ ಅನ್ನಿಸಿತ್ತು. ಈಗ ನೆನೆದರೆ, ಮೊದಲ ದಿನವೇ ಕೈ ಒರೆಸಿಕೊಂಡವನು ಅನ್ನಿಸುತ್ತದೆ.

ಕೆಳಗಿಳಿದು ಬಂದಾಗ ಹೆಂಡತಿ ಫರ್ಹತ್ ಅಂಗಳದಲ್ಲಿ ಒಣಮೆಣಸಿನಕಾಯಿ ಹರವುತ್ತಿದ್ದಳು. ಹರವಿದ್ದು ಉದ್ದನೆಯ ನೀಲಿ ತಗಡಿನ ಹಲಗೆಯ ಮೇಲೆ. ಅದು ಹಲಗೆಯಲ್ಲ. ಮಗುಚಿ ಹಾಕಿದರೆ ಬಿಳಿ ಅಕ್ಷರದಲ್ಲಿ 'ದುರ್ಗಾ ಡಿಸೈನ್ಸ್' ಅಂತ ಇರುವ ಬೋರ್ಡು. ದುರ್ಗೇಶನ ತಾಯಿ ಸಾವಂತ್ರಮ್ಮ ಪ್ರತಿ ಶುಕ್ರವಾರ ಅದರ ಮೂಲೆಗೆ ಕುಂಕುಮ ಹಚ್ಚುತ್ತಿದ್ದಳು. ಸಂಸ್ಥೆಗಳು ಕೂಡಿದ ಮೇಲೆ ಎರಡೂ ಹಳೇ ಬೋರ್ಡುಗಳನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ಎಂಟು ವರ್ಷದ ಕೆಳಗೆ ಒಂದು ಮಧ್ಯಾಹ್ನ ಅದರಲ್ಲಿ ಒಂದು ಮಾತ್ರ ಕಾಣೆಯಾಯಿತು. "ಗುಜರಿಯವ ಒಯ್ದಿರಬೇಕು" ಎಂದು ಇನಾಯತ್ ಹೇಳಿದ್ದ. ದುರ್ಗೇಶ್ ಒಂದು ಗಳಿಗೆ ಅವನ ಮುಖ ನೋಡಿ, "ಹೋಗ್ಲಿ ಬಿಡ್ರಿ ಭಾಯ್" ಅಂದಿದ್ದ.

"ಇದನ್ನ ಯಾಕ ಹೊರಗ ತಗದಿ?" ಇನಾಯತ್ ದನಿ ತಗ್ಗಿಸಿ ಕೇಳಿದ.

"ಬೀರುವಿನ ಹಿಂದ ಇಟ್ಟು ಪೂಜಿ ಮಾಡ್ಲೇನು? ಮೋಡ ಇದ್ರೂ ತಗಡು ಬಿಸಿ ಆಕ್ಕತಿ, ಮೆಣಸಿನಕಾಯಿ ಲಗೂನ ಒಣಗ್ತಾವು. ಮನ್ಯಾಗ ಇದೊಂದs ಉಪಯೋಗಕ್ಕ ಬರೋ ಸಾಮಾನು" ಅಂದಳು ಫರ್ಹತ್, ಅವನ ಕಡೆ ನೋಡದೆ. "ಮಂದಿಗೆ ತೋರಿಸಾಕ ಆಗದಂಥ ಬೋರ್ಡು ಯಾಕ ತಂದಿರಿ ಅಂತ ನಾ ಎಂದರ ಕೇಳೀನೇನ್ರಿ?"

ಅವನು ಕಾರಿನ ಕೀಲಿ ತೆಗೆದುಕೊಂಡ. ದೇಶನೂರಿಗೆ ಹೋಗಿಬರುತ್ತೇನೆ ಅಂದ. ಆ ಊರ ಹೆಸರು ಅವನ ಬಾಯಿಂದ ಎಂಟು ವರ್ಷದಲ್ಲಿ ಬಂದಿರಲಿಲ್ಲ. ಫರ್ಹತ್‌ಳ ಕೈ ಮೆಣಸಿನಕಾಯಿಯ ಮೇಲೆ ಒಂದು ಚಣ ನಿಂತು ಮತ್ತೆ ಆಡಿತು.

ಇವತ್ತು ಸಂಜೆಯೊಳಗೆ ಗೊತ್ತಾಗಿಬಿಡಬೇಕು. ದೇಶನೂರಿನವರು ಅಡ ಇಟ್ಟುಕೊಂಡ ಅಪ್ಪನ ಆ ಹಿತ್ತಾಳೆ ಯಂತ್ರವನ್ನು ದುರ್ಗೇಶ್ ಎಂದೋ ಬಿಡಿಸಿ ತಂದು ಬಚ್ಚಿಟ್ಟಿದ್ದೋ ಮಾರಿದ್ದೋ ನಿಜವಾದರೆ ನಾಳೆ ಪೂಜೆಗೆ ಮೊದಲೇ ಪಾಲು ಮುರಿದುಕೊಂಡು ಕುರುಗೋಡಿಗೆ ಹೋಗಿ ಒಬ್ಬನೇ ಕೂಡುವುದು. ಆ ಖಾಲಿ ಜಾಗವನ್ನು ಅವನೇ ನೋಡಿಕೊಂಡು ಇರಲಿ.

ಕುರುಗೋಡಿನ ದಾರಿ ಹಿಡಿದದ್ದೂ ಅದಕ್ಕೇ. ಮುರಿದುಕೊಂಡು ಬಂದರೆ ಕೂಡುವ ಜಾಗ ಹ್ಯಾಗಿದೆ ಎಂದು ನೋಡಬೇಕಿತ್ತು. ಅಪ್ಪನ ಕಚೇರಿ ಇದ್ದಲ್ಲಿ ಮೊಬೈಲ್ ಅಂಗಡಿ ಇತ್ತು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಅಪ್ಪ ಕೂತು ನಕ್ಷೆಗೆ ಮಸಿ ಹಚ್ಚುತ್ತಿದ್ದ; ಅಲ್ಲಿ ಈಗ ಯಾರೋ ಇಬ್ಬರು ಹುಡುಗರು ಚಾರ್ಜರು ಕೊಳ್ಳಲು ಬಂದು ಕೂತಿದ್ದರು. ಎದುರಿನ ಚಹಾದಂಗಡಿಯ ಎರ್ರಿ ಅವನನ್ನು ಕಂಡು ನಕ್ಕ.

"ಏನ್ ಸಾಬ್ರ, ದಾರಿ ತಪ್ಪಿ ಬಂದಿರೇನು? ದುರ್ಗೇಶಪ್ಪನ ಆಫೀಸಿನ್ಯಾಗ ನೌಕರಿ ಚಲೋ ಐತಂತಲ್ರಿ."

"ನೌಕರಿ ಅಲ್ಲಪ್ಪ. ಅರ್ಧ ಆಫೀಸು ನಂದು."

"ಹೌದೇನ್ರಿ? ಆ ಕಾರೂ ನಿಮ್ಮದs?"

"ನಂದs."

"ಅವರು ಕೊಡಿಸಿದ್ದು ಅಂತ ಮಾಡಿದ್ದೆ" ಅಂದ ಎರ್ರಿ, ಯಾವ ಕಹಿಯೂ ಇಲ್ಲದೆ, ಚಹಾಕ್ಕೆ ಸಕ್ಕರೆ ಹೆಚ್ಚು ಹಾಕುತ್ತ. ಹೀಗೆ ಊರೂರಿಗೆ ಯಾರು ಹೇಳಿಸಿರಬಹುದು? ದುರ್ಗೇಶ್ ಹೇಳುವವನಲ್ಲ. ಹೇಳದೆ ಇದ್ದೇ ಹೇಳಿಸುವವನು. ಯಾರಾದರೂ 'ನಿಮ್ಮ ಆಫೀಸು' ಅಂದಾಗ 'ನಮ್ಮಿಬ್ಬರದು' ಎಂದು ತಿದ್ದದೆ ಸುಮ್ಮನಿದ್ದರೆ ಸಾಕಲ್ಲ. ಅಷ್ಟರಲ್ಲಿ, ತಾನು ಎಷ್ಟು ಸಲ ತಿದ್ದಿದ್ದೇನೆ ಎಂಬ ಪ್ರಶ್ನೆ ಎದ್ದಿತು. ಅದನ್ನು ಚಹಾದ ತಳದ ಚರಟದ ಜೊತೆ ನೆಲಕ್ಕೆ ಚೆಲ್ಲಿ ಎದ್ದ.

ಸಿರುಗುಪ್ಪ ಮುಟ್ಟುವಾಗ ಮಧ್ಯಾಹ್ನದ ಜುಹರ್ ನಮಾಜಿನ ಹೊತ್ತು. ಅಕ್ಕಿ ಗಿರಣಿಗಳ ತೌಡಿನ ವಾಸನೆ ಮೋಡದ ಕೆಳಗೆ ಸಿಕ್ಕಿಕೊಂಡು ಊರ ತುಂಬ ನಿಂತಿತ್ತು. ಮಸೀದಿಯ ಹೌದಿನಲ್ಲಿ ಕೈಕಾಲು ಮುಖ ತೊಳೆದು ವಜೂ ಮಾಡಿ ಸಾಲಿನಲ್ಲಿ ನಿಂತ. ಪಕ್ಕದವನ ಭುಜ ಭುಜಕ್ಕೆ ತಾಗಿತು. ಇಲ್ಲಿ ಎಲ್ಲರೂ ಒಂದೇ ಮಟ್ಟ, ಇಲ್ಲಿ ಯಾರೂ ಯಾರನ್ನೂ ಅಳೆಯುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಸಜ್ದಾಕ್ಕೆ ಬಾಗಿದಾಗ ಅಂಗೈ ಕೆಳಗಿನ ಕಲ್ಲು ತಣ್ಣಗೆ, ನುಣ್ಣಗೆ ಇತ್ತು. ಆ ನುಣುಪು ಅವನನ್ನು ಎತ್ತಿಕೊಂಡು ಹೋಗಿ ದೇಶನೂರಿನ ಉಚ್ಚೆಂಗೆಮ್ಮನ ಗುಡಿಯ ಮುಂದೆ ಇಳಿಸಿತು. ಅಪ್ಪನದೊಂದು ಪದ್ಧತಿ. ಯಾವ ಊರಿಗೆ ಅಳೆಯಲು ಹೋದರೂ ಮೊದಲು ಆ ಊರಿನ ಗುಡಿಯದೋ ದರ್ಗಾದ್ದೋ ಹೊಸ್ತಿಲ ಕಲ್ಲಿಗೆ ಉಳಿಯಿಂದ ಬಾಣದ ಗುರುತು ಹೊಡೆದು, ಅದರ ಎತ್ತರ ಬರೆದಿಟ್ಟುಕೊಂಡು, ಉಳಿದದ್ದನ್ನೆಲ್ಲ ಅದರಿಂದ ಲೆಕ್ಕ ಹಾಕುವುದು. ಸೇತುವೆ ಒಡೆಯುತ್ತಾರೆ, ಮೈಲುಗಲ್ಲು ಕೀಳುತ್ತಾರೆ, ದೇವರ ಹೊಸ್ತಿಲನ್ನು ಯಾರೂ ಅಲುಗಿಸುವುದಿಲ್ಲ ಬೇಟಾ, ಅನ್ನುತ್ತಿದ್ದ. ಅದೇ ನಂಬಿಕೆಯಲ್ಲಿ ಇನಾಯತ್ ದೇಶನೂರಿನ ತೂಬಿನ ಕೆಲಸಕ್ಕೆ ಹೋದಾಗ ಚಪ್ಪಲಿ ಬಿಟ್ಟು, ಬಗ್ಗಿ, ಆ ಹೊಸ್ತಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದ. ಅರಿಸಿನ ಕುಂಕುಮ ದಪ್ಪಗೆ ಮೆತ್ತಿತ್ತು. ಅಂಗೈಗೆ ಕಲ್ಲು ನುಣ್ಣಗೆ ತಾಗಿತ್ತು. ಅಪ್ಪನ ಕಾಲದ ಒರಟು ಕಲ್ಲು ಇಷ್ಟು ನುಣ್ಣಗೆ ಯಾಕಾಯಿತು ಎಂದು ಮನಸ್ಸು ಕೇಳಿತ್ತು. ಭಕ್ತರ ಪಾದ ತಾಗಿ ತಾಗಿ ಸವೆದಿರಬೇಕು ಎಂದು ಮನಸ್ಸೇ ಉತ್ತರ ಹೇಳಿತ್ತು. ಊರವರು ಹರಕೆ ತೀರಿಸಲು ಹಳೇ ಹೊಸ್ತಿಲ ಮೇಲೆ ನಾಲ್ಕು ಬೆರಳು ದಪ್ಪದ ಗ್ರಾನೈಟು ಹಾಸಿದ್ದು ಅವನಿಗೆ ಕಾಣಲಿಲ್ಲ. ಅವನು ಕಂಡದ್ದು ಹೊಸ್ತಿಲು, ಕಲ್ಲಲ್ಲ. ಅಪ್ಪ ಎಂದೋ ಬರೆದಿಟ್ಟ ಹಳೇ ಕಲ್ಲಿನ ಲೆಕ್ಕವನ್ನು ಹೊಸ ಕಲ್ಲಿನ ತಲೆಗೆ ಕಟ್ಟಿ, ತೂಬು ನಾಲ್ಕು ಬೆರಳು ಮೇಲೆ ಕೂತಿತು. ಕಾಲುವೆಯ ನೀರು ಅಲ್ಲಿಯವರೆಗೆ ಬಂದು, ತೂಬಿನ ಬಾಯಿ ನೆಕ್ಕಿ, ಮುಂದೆ ಹರಿದುಹೋಯಿತು. ತೂಬಿನ ಆಚೆ ನಾಟಿ ಮಾಡಿದ ಗದ್ದೆಗಳು ಬಾಯಿಬಿಟ್ಟವು.

ಸಲಾಮು ಕೊಟ್ಟು ಎಲ್ಲರೂ ಎದ್ದರು. ಎಷ್ಟು ರಕಾತ್ ಆಯಿತೆಂದು, ಎಷ್ಟು ಸಲ ಬಾಗಿ ಎದ್ದೆನೆಂದು ಅವನಿಗೆ ಗೊತ್ತಿರಲಿಲ್ಲ.

ಊರವರು ಕರೆಕಳಿಸಿದ ದಿನ ತಾನು ಹೋಗಲಿಲ್ಲ. ಮೈ ಬಿಸಿ ಅಂದಿದ್ದ. "ನೀವs ಹೋಗಿ ಬರ್ರಿ, ನಕ್ಷೆಗೆ ಸಹಿ ನಿಮ್ಮದೈತಲ್ಲ. ಅಪ್ಪನ ಮಷೀನು ಒಯ್ರಿ, ಅದು ಸುಳ್ಳು ಹೇಳಂಗಿಲ್ಲ" ಎಂದು ದುರ್ಗೇಶನ ಕಾರಿನಲ್ಲಿ ತೇಗದ ಪೆಟ್ಟಿಗೆಯನ್ನು ತಾನೇ ಇಟ್ಟಿದ್ದ. ದುರ್ಗೇಶ್ ಸಂಜೆಗೆ ಬಂದಾಗ ಪ್ಯಾಂಟಿನ ಮೊಣಕಾಲಿನವರೆಗೆ ಕೆಸರು. "ನೀರು ಬರೋತನ ಮಷೀನು ಅಡ ಅಂದ್ರು. ಬಿಟ್ಟು ಬಂದೆ ಭಾಯ್." ತೂಬು ಒಡೆದು ಕಟ್ಟಿದರು, ನೀರು ಬಂತು. "ಮಷೀನು?" ಎಂದು ಕೇಳಿದರೆ "ಕೊಡವಲ್ರು" ಎಂದಷ್ಟೇ. ಮತ್ತೊಮ್ಮೆ ಕೇಳಿದಾಗಲೂ ಅದೇ. ನೀರು ಬಂದ ಮೇಲೂ ಯಾಕೆ ಕೊಡುವುದಿಲ್ಲ? ಆ ವಾರವೇ, ಅಡಕ್ಕೆ ಅಡ ಎಂದುಕೊಂಡು, ಇನಾಯತ್ ನೀಲಿ ಬೋರ್ಡನ್ನು ಆಟೋದಲ್ಲಿ ಮನೆಗೆ ಸಾಗಿಸಿದ್ದ. ತಾನೇ ಹೋಗಿ ಕೇಳಬಹುದಿತ್ತು. ಹೋದರೆ ಆ ಹೊಸ್ತಿಲ ಮುಂದೆ ನಿಲ್ಲಬೇಕಿತ್ತು. ಅದಕ್ಕಿಂತ ದುರ್ಗೇಶನನ್ನು ಅನುಮಾನಿಸುವುದು ಸುಲಭವಾಗಿತ್ತು, ಕೂತಲ್ಲೇ ಆಗುವ ಕೆಲಸ.

ದೇಶನೂರಿನಲ್ಲಿ ಭತ್ತ ತೆನೆ ಹೊರಡಿಸಿತ್ತು. ಕಾಲುವೆಯ ಏರಿ ಮೇಲೆ ಕಾರು ನಿಲ್ಲಿಸಿ ನೋಡಿದ. ತೂಬಿನ ಬಾಯಿ ತುಂಬ ನೀರು ಮಾತಿಲ್ಲದೆ ಒಳಗೆ ಹೋಗುತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಹೂ ಕಟ್ಟುತ್ತ ಕೂತಿದ್ದಳು. ಗುಡಿಯ ಕೀಲಿ ಅವಳ ಸೊಂಟದಲ್ಲಿತ್ತು. ಹನುಮಮ್ಮ, ಅವತ್ತು ಅವನು ಹೊಸ್ತಿಲು ಮುಟ್ಟಿದಾಗ ಕುಂಕುಮ ಕೊಟ್ಟವಳು.

"ಬಂದ್ಯಾ ಸಾಬಣ್ಣ" ಅಂದಳು, ನಿನ್ನೆಯಷ್ಟೇ ಹೋದವನನ್ನು ಕೇಳಿದಂತೆ. "ಕೂದಲೆಲ್ಲ ಬೆಳ್ಳಗಾತು. ಇಷ್ಟ್ ದೂರ ಇತ್ತೇನಪ್ಪ ನಮ್ಮೂರು?"

"ನಮ್ಮದೊಂದು ಸಾಮಾನು ಇಲ್ಲಿತ್ತಮ್ಮ" ಅಂದ ಅವನು. ದನಿ ತನಗೇ ಕಳ್ಳನ ದನಿಯ ಹಾಗೆ ಕೇಳಿತು. "ನಮ್ಮ ದುರ್ಗೇಶ್ ಅವರು ಒಯ್ದರೇನು ಅಂತ ಕೇಳಾಕ ಬಂದೆ."

"ಅವನಾ? ಒಯ್ಯಾಕ ಬಂದಿದ್ದ. ತೂಬು ಸರಿ ಮಾಡಿದ ಮ್ಯಾಲೆ, ನಿಲ್ಲಾಕೂ ಪುರಸೊತ್ತಿಲ್ಲದಂಗ ಬಂದ. ಕೊಡೋದಿಲ್ಲ ಅಂದೆ. ಗುರುತು ತಪ್ಪಿದವ ಬರಲಿ, ಅವನ ಕೈಯಾಗ ಕೊಡ್ತೀನಿ ಅಂದೆ. ಏನಂದ ಗೊತ್ತೈತೇನು? ನಾನs ತಪ್ಪಿದವ ಅಂದ." ಮುದುಕಿ ನಕ್ಕಳು, ಹೂವಿನ ದಾರ ಹಲ್ಲಲ್ಲಿ ಕಚ್ಚಿಕೊಂಡೇ. "ಲೇ, ಉಚ್ಚೆಂಗೆಮ್ಮನ ಬಾಗಲದಾಗ ನಿಂತು ಸುಳ್ಳು ಹೇಳ್ತೀಯೇನು, ಈ ಹೊಸ್ತಿಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡವ ಸಾಬಣ್ಣ, ನಾ ಕಂಡೀನಿ ಅಂದೆ. ತಲಿ ಬಗ್ಗಿಸಿ ನಿಂತ. ಮತ್ತ ಅವನ್ನ ಕಳಿಸು ಅಂದ್ರ ಕಳಸಲಿಲ್ಲ. ವರ್ಷಾ ಆಯುಧಪೂಜಿ ಮುಂದ ಬರ್ತಾನ. ಪೆಟಗಿ ನೋಡ್ತಾನ, ಕರ್ಪೂರ ಹಚ್ಚಿ ಹೋಗ್ತಾನ. ಅವರು ಯಾವಾಗ ಬರ್ತಾರ ಅಂದ್ರ, ಬಂದಾಗ ಬರ್ತಾರ ಬಿಡಮ್ಮ ಅಂತಾನ. ನಾನೂ ಬಿಟ್ಟೆ."

ಹನುಮಮ್ಮ ಎದ್ದು, ತಾಮ್ರದ ಚೊಂಬಿನಿಂದ ಹೊಸ್ತಿಲಿಗೆ ನೀರು ಹೊಯ್ದು ಅಂಗೈಯಿಂದ ತಿಕ್ಕಿದಳು. ಅರಿಸಿನ ಹಳದಿಯಾಗಿ ಹರಿದು, ಕಪ್ಪು ಗ್ರಾನೈಟು ಹೊಳೆಯಿತು. ಅದರ ಕೆಳಗೆ ಮಾಸಿದ ಒರಟು ಕಲ್ಲು. ಎರಡರ ನಡುವೆ ಒಂದು ಗೆರೆ, ಹುಟ್ಟಿದ ಮಗುವಿಗೂ ಕಾಣುವಷ್ಟು ನಿಚ್ಚಳ. ಒರಟು ಕಲ್ಲಿನ ಮುಂಬದಿಯಲ್ಲಿ ಅಪ್ಪ ಹೊಡೆದ ಬಾಣ ಇತ್ತು. ಅದರ ತುದಿ ಮೇಲಿನ ಕಲ್ಲಿನ ಸುಣ್ಣಗಾರೆಯೊಳಗೆ ಹೂತುಹೋಗಿತ್ತು. ಅವನು ಕುಕ್ಕರುಗಾಲಲ್ಲಿ ಕೂತು ಅದರ ಮೇಲೆ ಬೆರಳಿಟ್ಟ. ಒರಟಾಗಿತ್ತು. ದೇವರ ಹೊಸ್ತಿಲನ್ನು ಯಾರೂ ಅಲುಗಿಸಿರಲಿಲ್ಲ, ಅಪ್ಪನ ಮಾತು ಸುಳ್ಳಾಗಿರಲಿಲ್ಲ; ಅದನ್ನು ಭಕ್ತಿಯಿಂದ ಮುಚ್ಚಿದ್ದರು, ಅಷ್ಟೆ.

"ಈಗ ಕಂಡಿತಲ್ಲ" ಎಂದು ಹನುಮಮ್ಮ ಒಳಗೆ ಹೋಗಿ ತೇಗದ ಪೆಟ್ಟಿಗೆ ತಂದು ಅವನ ತೊಡೆಯ ಮೇಲಿಟ್ಟಳು. ಮುಚ್ಚಳದ ಮೇಲೆ ವರ್ಷವರ್ಷದ ಕುಂಕುಮ ಒಂದರ ಮೇಲೊಂದು ಗಟ್ಟಿಯಾಗಿತ್ತು. "ಅಮ್ಮನ ಮನ್ಯಾಗಿತ್ತು, ಬಂಗಾರದಂಗ ಐತಿ. ಒಯ್ಯಿ."

ವಾಪಸು ಬರುವಾಗ ಪೆಟ್ಟಿಗೆ ಪಕ್ಕದ ಸೀಟಿನ ಮೇಲೆ ಮನುಷ್ಯನ ಹಾಗೆ ಕೂತಿತ್ತು. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅನುಮಾನ ಕಾಲುವೆಯ ನೀರಿನ ಹಾಗೆ, ಒಂದು ತೂಬು ಮುಚ್ಚಿದರೆ ಮುಂದಿನ ತೂಬಿಗೆ ಹೋಗುತ್ತದೆ. ದುರ್ಗೇಶನಿಗೆ ಎಂಟು ವರ್ಷದಿಂದ ಎಲ್ಲ ಗೊತ್ತಿತ್ತು. ಪ್ರತಿದಿನ ಎದುರಿನ ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಈದ್‌ಗೆ ಮನೆಗೆ ಬಂದು, ಶೀರ್‌ಖುರ್ಮಾ ಎರಡು ಬಟ್ಟಲು ಬೇಡಿ ತಿಂದು, ಗೊತ್ತಿದ್ದೂ ಸುಮ್ಮನಿದ್ದ. ಒಬ್ಬನ ತಪ್ಪನ್ನು ಅವನಿಗೇ ಹೇಳದೆ ಇಷ್ಟು ವರ್ಷ ಕಾಪಾಡುವುದು ದಯೆಯೋ, ಅಡ ಇಟ್ಟುಕೊಳ್ಳುವುದೋ? ಊರವರು ಮಷೀನನ್ನು ಅಡ ಇಟ್ಟುಕೊಂಡರು. ದುರ್ಗೇಶ್ ತನ್ನನ್ನೇ ಇಟ್ಟುಕೊಂಡನೇನು? ಮೀನಾಳಿಗೆ 'ಖಾಲಿ ಬಿಡು' ಅಂದದ್ದು ಅವಳು ತನಗೆ ಹೇಳುತ್ತಾಳೆ ಎಂದು ಗೊತ್ತಿದ್ದೇ ಇರಬಹುದು. ಹಾಗಾದರೆ ತಾನು ಇವತ್ತು ಬಂದದ್ದು ತನ್ನ ಕಾಲಿನಿಂದಲೋ, ಅವನು ಎಳೆದ ದಾರದಿಂದಲೋ. ಕಾರು ಹಳ್ಳದ ಸೇತುವೆ ಹತ್ತಿಳಿದಾಗ ಪೆಟ್ಟಿಗೆ ಜಾರಿತು. ಅವನ ಎಡಗೈ ತಾನಾಗಿ ಹೋಗಿ ಅದನ್ನು ಹಿಡಿಯಿತು, ಹುಡುಗನಿದ್ದಾಗ ಅಪ್ಪನ ಸೈಕಲ್ಲಿನ ಹಿಂದೆ ಕೂತು ಅದನ್ನೇ ಅಪ್ಪಿ ಹಿಡಿಯುತ್ತಿದ್ದ ಹಾಗೆ. ಅದೇ ಭಾರ. ಗುಜರಿಯವ ಒಯ್ದಿರಬೇಕು ಎಂದು ತಾನು ಹೇಳಿದಾಗ ದುರ್ಗೇಶ್ ಮುಖ ನೋಡಿದ ಆ ಒಂದು ಗಳಿಗೆ ಈಗ ತಿರುಗಿ ಬಂದು ಕಣ್ಣ ಮುಂದೆ ನಿಂತಿತು. ಅದೂ ಗೊತ್ತಿತ್ತೇನು ಅವನಿಗೆ.

ಮನೆಗೆ ಬಂದಾಗ ಫರ್ಹತ್ ಮೆಣಸಿನಕಾಯಿ ತುಂಬುತ್ತಿದ್ದಳು. ಕಾರಿನಲ್ಲಿದ್ದ ಪೆಟ್ಟಿಗೆ ಕಂಡಳು. ಮಾವನ ಕಾಲದಲ್ಲಿ ಅದನ್ನು ಒರೆಸಿಡುತ್ತಿದ್ದವಳು ಅವಳೇ. ಉಳಿದ ಮೆಣಸಿನಕಾಯಿಯನ್ನು ಸೆರಗಿಗೆ ಬಳಿದುಕೊಂಡು, ಬೋರ್ಡನ್ನು ಎತ್ತಿ ಕೊಡವಿದಳು.

"ಒರಸ್ಲೇನ್ರಿ?"

"ಬ್ಯಾಡ" ಅಂದ. "ಹಂಗs ಇರಲಿ."

ಆಫೀಸಿನಲ್ಲಿ ದೀಪ ಹಚ್ಚಿದ್ದರು. ಮೀನಾ ಚೆಂಡುಹೂ ತರಲು ಹೋಗಿದ್ದಳು. ಗೋಡೆಯ ಕೆಳಗಿನ ಮೇಜಿನ ಮೇಲೆ ಹಳೇ ಸರಪಳಿ, ದಿಕ್ಸೂಚಿ, ದುರ್ಗೇಶ್ ನಕ್ಷೆ ಬರೆಯುತ್ತಿದ್ದ ಹಳೇ ಹಲಗೆ ಸಾಲಾಗಿದ್ದವು. ನಟ್ಟನಡುವೆ ಖಾಲಿ ಜಾಗ. ಅಂಚಿನಲ್ಲಲ್ಲ, ನಟ್ಟನಡುವೆ. ಅಷ್ಟು ಜಾಗಕ್ಕೆ ಮಾತ್ರ ಹಸಿರು ಬಟ್ಟೆಯೊಂದು ಹಾಸಿತ್ತು. ಅಪ್ಪ ಯಂತ್ರ ಒರೆಸುತ್ತಿದ್ದ ಬಟ್ಟೆಯೂ ಅದೇ ಹಸಿರು. ಇನಾಯತ್ ಪೆಟ್ಟಿಗೆಯನ್ನು ಅಲ್ಲಿಟ್ಟ. ಆಮೇಲೆ ಬೋರ್ಡನ್ನು ಕಂಕುಳಲ್ಲಿ ಹಿಡಿದು ದುರ್ಗೇಶನ ಕೋಣೆಗೆ ಹೋದ.

ದುರ್ಗೇಶ್ ನಕ್ಷೆಯೊಂದರ ಮೇಲೆ ಬಗ್ಗಿದ್ದ. ಕನ್ನಡಕ ಹಣೆಗೆ ಏರಿಸಿ ನೋಡಿದ. ಇನಾಯತ್ ಬೋರ್ಡನ್ನು ಅಕ್ಷರ ಮೇಲಾಗಿ ಮೇಜಿನ ಮೇಲಿಟ್ಟು ಮುಂದಕ್ಕೆ ಸರಿಸಿದ. 'ದು' ಅಕ್ಷರದ ಕೊಕ್ಕೆಯಲ್ಲಿ, ಅಂಗಳದಲ್ಲಿ ಅಡಿಗೆ ಸಿಕ್ಕಿದ ಎರಡು ಮೆಣಸಿನ ಬೀಜ ಪುಡಿಸಮೇತ ಅಂಟಿದ್ದವು. ಮೂಲೆಯಲ್ಲಿ ಸಾವಂತ್ರಮ್ಮ ಹಚ್ಚುತ್ತಿದ್ದ ಕುಂಕುಮದ ಕಲೆ, ಹೌದೋ ಅಲ್ಲವೋ ಅನ್ನುವಷ್ಟು ಮಾಸಲು. ದುರ್ಗೇಶ್ ಆ ಕಲೆಯ ಮೇಲೆ ಹೆಬ್ಬೆರಳು ಆಡಿಸಿದ. ಬೆರಳನ್ನು ಮೂಗಿನ ಹತ್ತಿರ ತಂದವನಿಗೆ ಜೋರಾಗಿ ಸೀನು ಬಂತು, ಕಣ್ಣಲ್ಲಿ ನೀರು ಬಂತು.

"ಬ್ಯಾಡಗಿನೋ, ಗುಂಟೂರೋ?" ಅಂದ, ಕಣ್ಣೊರೆಸಿಕೊಳ್ಳುತ್ತ.

"ಗುಂಟೂರು."

"ಅದಕ್ಕs."

ಹೊರಗೆ ಕೊನೆಗೂ ಗಾಳಿ ಎದ್ದು ಕಿಟಕಿಯ ಕದ ಒಮ್ಮೆ ಬಡಿಯಿತು. ದುರ್ಗೇಶ್ ಬೋರ್ಡನ್ನು ತನ್ನ ಕಡೆ ಎಳೆದುಕೊಳ್ಳಲು ನೋಡಿದ, ಅದು ಬರಲಿಲ್ಲ. ಈ ಕಡೆಯ ಅಂಚನ್ನು ಇನಾಯತ್ ಇನ್ನೂ ಹಿಡಿದುಕೊಂಡೇ ಇದ್ದ. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಿಟ್ಟ.